ಕಳಿಸಿದ್ದು ಮುಟ್ಟಿತೆ?

ಯಲ್ಲಾಪುರ ತಾಲೂಕಿನ ಮಾಗೋಡಿನಲ್ಲಿ ಬೇಡ್ತಿ ನದಿ ಎರಡು ಹಂತಗಳಲ್ಲಿ ಸುಮಾರು 200 ಮೀಟರ್ ಕೆಳಕ್ಕೆ ಧುಮುಕುತ್ತದೆ. ಇಂಥ ಕಣಿವೆ, ಕಾಡು ನೋಡುವವರ ಕಣ್ಣಿಗೆ ಹಬ್ಬ. ಮೊಬೈಲ್ ಅಲೆಗಳಿಗೆ ಮಾತ್ರ ಅಡ್ಡಗೋಡೆ. 2020ರ ಕೊರೋನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಪಾಠಕ್ಕಾಗಿ ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದ್ದನ್ನು ಪಾಲಕರು ಮರೆತಿರಲಾರರು. ಗುಡ್ಡದ ಮೇಲಿಂದ ಉತ್ತರ ಕಳಿಸಿದ ಹುಡುಗಿ ಕೆಳಗಿಳಿಯುವಷ್ಟರಲ್ಲಿ ಸಂಪರ್ಕ ಕಡಿದರೆ, ಆ ಉತ್ತರ ಮಾಸ್ತರರಿಗೆ ಮುಟ್ಟಿತೋ, ನಡುದಾರಿಯಲ್ಲೇ ಕಳೆದುಹೋಯಿತೋ?

ಸಂದೇಶವೆಂಬುದು ಒಂದು ಫೋನಿನಿಂದ ಇನ್ನೊಂದಕ್ಕೆ ನೇರ ಹಾರುವುದಿಲ್ಲ. ಮೊದಲು ಸರ್ವರ್ ಎಂಬ ದೂರದ ಕಂಪ್ಯೂಟರಿಗೆ, ಅಲ್ಲಿಂದ ಆಚೆಯವರಿಗೆ. ತೊಡಕೆಂದರೆ, ಸಿಗ್ನಲ್ ಹೇಳಿ ಹೋಗುವುದಿಲ್ಲ. ಫೋನು ಗುಡ್ಡದ ಮರೆಗೆ ಸರಿದ ಮೇಲೂ ಸರ್ವರ್ ಕೆಲ ಹೊತ್ತು ಸಂಪರ್ಕ ಇದೆಯೆಂದೇ ನಂಬಿ ಸಂದೇಶಗಳನ್ನು ಕಳಿಸುತ್ತಲೇ ಇರುತ್ತದೆ. ಅಂತರ್ಜಾಲದ ಮೂಲ ನಿಯಮವಾದ ಟಿಸಿಪಿಯಲ್ಲಿ ಸ್ವೀಕೃತಿಯ ಏರ್ಪಾಟು ಉಂಟು, ನಿಜ. ಆದರೆ ಅದು ತಿಳಿಸುವುದು ಆಚೆಯ ಯಂತ್ರದ ಬಾಗಿಲಿಗೆ ಮಾಹಿತಿ ಬಂತು ಎಂದಷ್ಟೇ. ಒಳಗಿನ ತಂತ್ರಾಂಶ ಅದನ್ನು ಕೈಗೆತ್ತಿಕೊಂಡಿತೆ ಎಂಬುದನ್ನಲ್ಲ. ಸಂಪರ್ಕ ಕಡಿದರಂತೂ ಆ ಲೆಕ್ಕವೇ ಅಳಿಸಿಹೋಗುತ್ತದೆ.

1999ರಲ್ಲಿ ಜೆರೆಮಿ ಮಿಲ್ಲರ್ ಹೊರತಂದ ಜಾಬರ್ ವ್ಯವಸ್ಥೆ 2004ರಲ್ಲಿ ಎಕ್ಸ್‌ಎಂಪಿಪಿ ಎಂಬ ಹೆಸರಿನಿಂದ ಮಾನ್ಯ ನಿಯಮಾವಳಿಯಾಯಿತು. ಅದಕ್ಕೆ ನಂತರ ಸೇರಿದ ಎಕ್ಸ್‌ಇಪಿ-0198 ಎಂಬ ಅನುಬಂಧ ಈ ತೊಡಕನ್ನು ಬಿಡಿಸಿದ ಬಗೆ ಬಹಳ ಸರಳ, ಹಳ್ಳದ ಸಂಕ ದಾಟಿಸಿ ಅಡಿಕೆ ಮೂಟೆ ಸಾಗಿಸುವವರು ಮಾಡುವಂಥದ್ದೇ. ಈಚೆ ದಡದವನೂ ಎಣಿಸುತ್ತಾನೆ, ಆಚೆ ದಡದವನೂ ಎಣಿಸುತ್ತಾನೆ. ಆಗಾಗ ಒಬ್ಬ ಕೂಗಿ ಕೇಳುತ್ತಾನೆ: ‘ಎಷ್ಟು ಬಂತು?’ ಇನ್ನೊಬ್ಬ ಸಂಖ್ಯೆ ಹೇಳುತ್ತಾನೆ. ಫೋನು, ಸರ್ವರ್‌ಗಳ ನಡುವೆ ಕೇಳುವ ಸಂಕೇತ ‘ಆರ್’, ಉತ್ತರದ ಸಂಕೇತ ‘ಎ’. ಉತ್ತರ ಬರುವತನಕ ಕಳಿಸಿದ್ದರ ಪ್ರತಿಯನ್ನು ಎಸೆಯುವಂತಿಲ್ಲ.

ಈಗ ನೋಡಿ. ಫೋನು ಹತ್ತು ಸಂದೇಶ ಕಳಿಸಿದೆ, ಸಿಗ್ನಲ್ ಹೋಯಿತು. ಮರಳಿ ಸಿಕ್ಕಾಗ ಫೋನು ಹೊಸದಾಗಿ ಆರಂಭಿಸದೆ, ಹಳೆಯ ಸಂಪರ್ಕದ ಗುರುತನ್ನೂ ತನಗೆ ಬಂದವುಗಳ ಎಣಿಕೆಯನ್ನೂ ಸರ್ವರ್‌ಗೆ ಒಪ್ಪಿಸುತ್ತದೆ. ಸರ್ವರ್ ತನ್ನ ಎಣಿಕೆ ‘7’ ಎನ್ನುತ್ತದೆ. ಫೋನು 8, 9, 10ನೆಯವನ್ನು ಮಾತ್ರ ಮತ್ತೆ ಕಳಿಸುತ್ತದೆ. ಅತ್ತ ಸರ್ವರ್ ಕೂಡ ಫೋನಿಗೆ ಮುಟ್ಟದೆ ಉಳಿದವನ್ನಷ್ಟೇ ಕೊಡುತ್ತದೆ. ಯಾವುದೂ ಕಳೆಯಲಿಲ್ಲ, ಯಾವುದೂ ಎರಡು ಸಲ ಹೋಗಲಿಲ್ಲ.

ಈ ಎಣಿಕೆ ಫೋನು ಮತ್ತು ಸರ್ವರ್ ನಡುವಿನದು ಮಾತ್ರ, ಮಾಸ್ತರರು ಓದಿದರೆ ಎಂಬುದು ಬೇರೆ ಪ್ರಶ್ನೆ. ವಾಟ್ಸ್‌ಆಪ್ ಬಳಸುವವರಿಗೆ ಈ ಮೆಟ್ಟಿಲುಗಳು ಪರಿಚಿತ: ಒಂದು ಬೂದು ಗೆರೆ ಎಂದರೆ ಸಂದೇಶ ಸರ್ವರ್‌ನಲ್ಲಿದೆ, ಎರಡು ಎಂದರೆ ಆಚೆಯವರ ಫೋನಿಗೆ ಬಂದಿದೆ, 2014ರಲ್ಲಿ ಬಂದ ನೀಲಿ ಬಣ್ಣ ಓದಿದ್ದರ ಗುರುತು. ಹಾಗಾಗಿ ಒಂದೇ ಗೆರೆ ಕಂಡಾಗ ಮಾಸ್ತರರು ಉತ್ತರಿಸಲಿಲ್ಲವೆಂದು ಮುನಿಯುವುದು ಸರಿಯಲ್ಲ.

ಒಂದು ಮಿತಿಯೂ ಇದೆ. ಸರ್ವರ್ ಹಳೆಯ ಎಣಿಕೆಯನ್ನು ಎಂದೆಂದಿಗೂ ಕಾಯ್ದಿಡದು. ಸಾಮಾನ್ಯವಾಗಿ ಕೆಲವು ನಿಮಿಷಗಳಷ್ಟೇ. ಸಿಗ್ನಲ್ ಅದಕ್ಕೂ ತಡವಾಗಿ ಬಂದರೆ ಹೊಸ ಸಂಪರ್ಕವೇ ಗತಿ. ಎಷ್ಟು ಮುಟ್ಟಿತ್ತೆಂದು ಖಚಿತವಾಗದೆ ಫೋನು ಉಳಿದದ್ದನ್ನೆಲ್ಲ ಮರಳಿ ಕಳಿಸಿದಾಗ ಒಂದೇ ಉತ್ತರ ಎರಡು ಸಲ ಕಾಣಿಸಬಹುದು. ಅದಕ್ಕೆಂದೇ ಪ್ರತಿ ಸಂದೇಶಕ್ಕೂ ಬೇರೊಂದಕ್ಕಿಲ್ಲದ ಗುರುತು ಹಚ್ಚುತ್ತಾರೆ. ಅದೇ ಗುರುತಿನದು ಮತ್ತೆ ಬಂದರೆ ಸ್ವೀಕರಿಸುವ ಫೋನು ಸದ್ದಿಲ್ಲದೆ ಬದಿಗೆ ಸರಿಸುತ್ತದೆ.