ಒಂಬತ್ತನೆಯ ಕಾಲಮ್ಮಿನ ರೈತ

ಸಿಂಧನೂರಿನ ರೈತ ಸಂಪರ್ಕ ಕೇಂದ್ರಕ್ಕೆ ರಿಯಾಯಿತಿ ಬೀಜ ಕೇಳಿಕೊಂಡು ಹೋಗಿ, ಲಿಂಗಸುಗೂರಿನಲ್ಲಿ ಬೆಂಬಲ ಬೆಲೆಗೆ ತೊಗರಿ ಮಾರಲು ಹೆಸರು ಬರೆಸಲು ಹೋಗಿ, ಮಸ್ಕಿಯ ತಹಶೀಲ್ದಾರ್ ಕಚೇರಿಯಲ್ಲಿ ಬೆಳೆ ಪರಿಹಾರ ಯಾಕೆ ಬಂದಿಲ್ಲ ಎಂದು ವಿಚಾರಿಸಿ. ಮೇಜಿನ ಆಚೆಯಿಂದ ಬರುವ ಮೊದಲ ಪ್ರಶ್ನೆ ಒಂದೇ. ಎಫ್‌ಐಡಿ ಐತೇನ್ರಿ? ರಾಜ್ಯ ಸರ್ಕಾರದ ‘ಫ್ರೂಟ್ಸ್’ ತಂತ್ರಾಂಶದಲ್ಲಿ ನೋಂದಾಯಿಸಿಕೊಂಡ ರೈತನಿಗೆ ಸಿಗುವ ಗುರುತಿನ ಸಂಖ್ಯೆಗೆ ಎಫ್‌ಐಡಿ ಎನ್ನುತ್ತಾರೆ. ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಪ್ಲಾಸ್ಟಿಕ್ ಕಾರ್ಡಿನ ಮೇಲೆ ಅಚ್ಚು ಹಾಕಿಸಿಕೊಂಡು ಜೇಬಿನಲ್ಲಿ ಇಟ್ಟುಕೊಳ್ಳುವವರೂ ಇದ್ದಾರೆ. ಕಾರ್ಡಿಗೆ ಬೆಲೆಯಿಲ್ಲ, ಕಚೇರಿಯ ಕಂಪ್ಯೂಟರ್ ಓದುವುದು ಸಂಖ್ಯೆಯನ್ನು. ಆ ಸಂಖ್ಯೆ ಯಾರನ್ನು ರೈತ ಎಂದು ಗುರುತಿಸುತ್ತದೆ, ಯಾರನ್ನು ಗುರುತಿಸುವುದಿಲ್ಲ ಎಂಬುದನ್ನು ನೋಡಲು ಈ ಮೂರು ತಾಲ್ಲೂಕುಗಳಿಗಿಂತ ಒಳ್ಳೆಯ ಜಾಗ ರಾಜ್ಯದಲ್ಲಿ ಹೆಚ್ಚು ಸಿಗಲಿಕ್ಕಿಲ್ಲ.

ನೋಂದಣಿ ಕಷ್ಟದ ಕೆಲಸವಲ್ಲ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ಇಲ್ಲವೇ ತೋಟಗಾರಿಕೆ, ರೇಷ್ಮೆ, ಪಶುಪಾಲನೆ ಇಲಾಖೆಗಳ ಕಚೇರಿಯಲ್ಲಿ ಮಾಡಿಸಬಹುದು. ಫೋನ್ ಬಳಸಲು ಬಲ್ಲವರು ಜಾಲತಾಣದಲ್ಲಿ ತಾವೇ ಅರ್ಜಿ ತುಂಬಬಹುದು, ಇಲಾಖೆಯ ಅಧಿಕಾರಿ ಪರಿಶೀಲಿಸಿ ಒಪ್ಪಿಗೆ ಕೊಡುತ್ತಾರೆ. ಬೇಕಾಗುವುದು ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್, ಮೊಬೈಲ್ ನಂಬರ್. ಪರಿಶಿಷ್ಟ ಜಾತಿ, ಪಂಗಡದವರಾದರೆ ಜಾತಿ ಪ್ರಮಾಣಪತ್ರ. ಎಡವಟ್ಟಾಗುವುದು ಬೇರೆ ಕಡೆ. ಆಧಾರಿನಲ್ಲಿ ಅಪ್ಪನ ಹೆಸರು ಸೇರಿಸಿ ಬರೆದಿರುತ್ತದೆ, ಪಹಣಿಯಲ್ಲಿ ಅಡ್ಡಹೆಸರು ಮಾತ್ರ ಇರುತ್ತದೆ, ಎರಡೂ ಒಬ್ಬನದೇ ಎಂದು ಕಂಪ್ಯೂಟರಿಗೆ ಹೊಳೆಯುವುದಿಲ್ಲ. ಎರಡು ಊರಲ್ಲಿ ಹೊಲ ಇರುವವರು ಒಂದೇ ಸರ್ವೆ ನಂಬರ್ ಸೇರಿಸಿ ಬಂದುಬಿಡುತ್ತಾರೆ. ಉಳಿದ ಹೊಲ ಲೆಕ್ಕಕ್ಕೆ ಬಾರದು ಎಂದು ತಿಳಿಯುವುದು ಪರಿಹಾರ ಅರ್ಧ ಬಂದಾಗ. ಮಸ್ಕಿಯವರದು ಇನ್ನೊಂದು ಫಜೀತಿ. ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಹಳ್ಳಿಗಳನ್ನು ಕೂಡಿಸಿ ಮಾಡಿದ ಹೊಸ ತಾಲ್ಲೂಕು ಅದು. ಮನೆಯ ಹಳೆಯ ಕಾಗದಗಳ ಮೇಲೆ ಈ ಮೂರರಲ್ಲಿ ಒಂದರ ಹೆಸರಿರುತ್ತದೆ. ದೇವಾನಾಂಪ್ರಿಯ ಎಂಬ ಬಿರುದಿನ ಹಿಂದಿನ ಅರಸ ಅಶೋಕನೇ ಎಂದು ಗಟ್ಟಿಯಾದದ್ದು 1915ರಲ್ಲಿ ಇದೇ ಮಸ್ಕಿಯ ಬಂಡೆಯ ಮೇಲೆ ಸಿಕ್ಕ ಶಾಸನದಿಂದ. ಚಕ್ರವರ್ತಿಗೇ ಹೆಸರು ಹೊಂದಾಣಿಕೆಯ ತೊಂದರೆ ಇದ್ದ ಊರು!

ಈ ವ್ಯವಸ್ಥೆಯಿಂದ ಆದ ಅನುಕೂಲವನ್ನು ಅಲ್ಲಗಳೆಯಲಾಗದು. ಹಿಂದೆ ಬೀಜಕ್ಕೊಂದು, ಸ್ಪ್ರಿಂಕ್ಲರ್ ಪೈಪಿಗೊಂದು, ಸಾಲಕ್ಕೊಂದು ಎಂದು ಪ್ರತಿ ಇಲಾಖೆಗೂ ಪಹಣಿಯ ಪ್ರತಿ ಒಯ್ಯಬೇಕಿತ್ತು. ಈಗ ಸಂಖ್ಯೆ ಹೇಳಿದರೆ ಹೊಲದ ವಿವರ ಪರದೆಯ ಮೇಲೆ ಬರುತ್ತದೆ. ಬೆಳೆಸಾಲಕ್ಕೆ ಜಮೀನಿನ ಮೇಲೆ ಭಾರ ದಾಖಲಿಸುವ ಕೆಲಸವನ್ನೂ ಬ್ಯಾಂಕುಗಳು ಈ ತಂತ್ರಾಂಶದ ಮೂಲಕವೇ ಮಾಡಬಹುದು. ದೊಡ್ಡ ಪರೀಕ್ಷೆ ಎದುರಾದದ್ದು 2023ರ ಬರದಲ್ಲಿ. ರಾಜ್ಯದ 240 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಮೊದಲ ಕಂತಾಗಿ ರೈತರಿಗೆ 2,000 ರೂಪಾಯಿವರೆಗೆ ಕೊಟ್ಟಿತು. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಕೇಂದ್ರದಿಂದ ಸುಮಾರು 3,454 ಕೋಟಿ ರೂಪಾಯಿ ಬಂತು. ಆ ಹಣ ಯಾವ ಗುಮಾಸ್ತನ ಕೈಯನ್ನೂ ಮುಟ್ಟದೆ ಖಾತೆಗಳಿಗೆ ಹೋಗಲು ಫ್ರೂಟ್ಸ್ ಪಟ್ಟಿಯೇ ಆಧಾರವಾಯಿತು. ಪಟ್ಟಿಯಲ್ಲಿ ಎಲ್ಲ ಜಮೀನು ಸೇರಿಲ್ಲ, ಬೇಗ ಸೇರಿಸಿಕೊಳ್ಳಿ ಎಂದು ಸರ್ಕಾರವೇ ಆಗ ರೈತರ ಬೆನ್ನು ಬಿದ್ದಿತ್ತು. ಆದ್ದರಿಂದ ಇನ್ನೂ ಎಫ್‌ಐಡಿ ಮಾಡಿಸದ ಖಾತೆದಾರರು ತಡ ಮಾಡುವುದರಲ್ಲಿ ಅರ್ಥವಿಲ್ಲ. ನೋಂದಣಿಯ ಜೊತೆಗೆ ಬ್ಯಾಂಕ್ ಖಾತೆ ಆಧಾರಿಗೆ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಹಣ ಹುಡುಕಿಕೊಂಡು ಹೋಗುವುದು ಆ ಖಾತೆಯನ್ನೇ.

ಇಷ್ಟು ಹೇಳಿದ ಮೇಲೆ ತಕರಾರಿನ ಮಾತು. ಎಫ್‌ಐಡಿ ನಿಂತಿರುವುದು 2000ದಲ್ಲಿ ಶುರುವಾದ ‘ಭೂಮಿ’ ಯೋಜನೆ ಕಂಪ್ಯೂಟರಿಗೆ ಏರಿಸಿದ ಪಹಣಿಯ ಮೇಲೆ. ಪಹಣಿಯನ್ನು ಆರ್‌ಟಿಸಿ ಎನ್ನುತ್ತೇವಲ್ಲ, ಆ ಮೂರಕ್ಷರಗಳು ಸೂಚಿಸುವುದು ಹಕ್ಕು, ಗೇಣಿ, ಬೆಳೆ. ಒಂಬತ್ತನೆಯ ಕಾಲಮ್ಮಿನಲ್ಲಿ ಒಡೆಯನ ಹೆಸರು, ಹನ್ನೆರಡನೆಯದರಲ್ಲಿ ಸಾಗುವಳಿ ಮಾಡುವವನ ಮತ್ತು ಬೆಳೆಯ ವಿವರ. ಅಂದರೆ ಒಡೆಯ ಬೇರೆ, ಉಳುವವನು ಬೇರೆ ಇರಬಹುದು ಎಂಬ ತಿಳಿವಳಿಕೆ ಆ ಹಾಳೆಯ ರಚನೆಯಲ್ಲೇ ಇತ್ತು. ಡಿಜಿಟಲ್ ಗುರುತು ಒಂಬತ್ತನೆಯ ಕಾಲಮ್ಮನ್ನು ಎತ್ತಿಕೊಂಡಿತು, ಹನ್ನೆರಡರಿಂದ ಬೆಳೆಯನ್ನಷ್ಟೇ ಬೇರೆ ಸಮೀಕ್ಷೆಯ ಮೂಲಕ ತೆಗೆದುಕೊಂಡಿತು. ಸಾಗುವಳಿದಾರನನ್ನು ಅಲ್ಲೇ ಬಿಟ್ಟಿತು. ನನ್ನ ವಾದ ಇಷ್ಟೆ: ಇದನ್ನು ರೈತನ ಗುರುತು ಎಂದು ಕರೆಯುತ್ತಿದ್ದೇವೆ, ಇದು ಖಾತೆದಾರನ ಗುರುತು.

ಸಿಂಧನೂರಿಗೆ ಈ ವ್ಯತ್ಯಾಸ ಬರೀ ಶಬ್ದದ ಜಗಳವಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಇಲ್ಲಿ ಭತ್ತ ಬಂತು, ಅದನ್ನು ಬೆಳೆಯಬಲ್ಲ ಆಂಧ್ರದ ಕುಟುಂಬಗಳು ಬಂದು ಕ್ಯಾಂಪುಗಳಾದವು, ಹೊಲವನ್ನು ಲೀಜಿಗೆ ಕೊಡುವ, ಹಿಡಿಯುವ ರೂಢಿ ಬೇರೂರಿತು. ಎಕರೆಗೆ ಇಷ್ಟು ಚೀಲ, ಇಲ್ಲವೇ ಇಷ್ಟು ಸಾವಿರ ಎಂದು ಬಾಯಿಮಾತಲ್ಲಿ ಮುಗಿಯುವ ವ್ಯವಹಾರ ಅದು. ಗೊಬ್ಬರ, ಔಷಧಿ, ನಾಟಿಯ ಕೂಲಿ, ಕಟಾವಿನ ಮಷಿನ್ ಬಾಡಿಗೆ ಎಲ್ಲ ಗುತ್ತಿಗೆ ಹಿಡಿದವನ ಮೈಮೇಲೆ. ಕಾಲುವೆಗೆ ನೀರು ಬಾರದಿದ್ದರೆ, ಕಟಾವಿಗೆ ಬಂದ ಪೈರು ಮಳೆಗೆ ನೆಲಕ್ಕೊರಗಿದರೆ ನಷ್ಟವೂ ಅವನದೇ. ವಿಪತ್ತು ನಿಧಿಯ ದರದಂತೆ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ ಪರಿಹಾರ ಮಂಜೂರಾದರೆ ಅದು ಇಳಿಯುವುದು ಎಫ್‌ಐಡಿ ಇರುವ ಒಡೆಯನ ಖಾತೆಗೆ. ಬೆಂಬಲ ಬೆಲೆಗೆ ಭತ್ತ, ಜೋಳ ಮಾರುವುದಾದರೂ ಒಡೆಯನ ಸಂಖ್ಯೆಯ ಮೇಲೆಯೇ ಮಾರಬೇಕು, ದುಡ್ಡು ಅವನ ಖಾತೆಗೇ ಬೀಳುತ್ತದೆ. ಅಲ್ಲಿಂದ ಮುಂದೆ ಇಬ್ಬರ ನಂಬಿಕೆ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಯೂ ಭೂಮಿ ಹೆಸರಿನಲ್ಲಿರುವ ಕುಟುಂಬಕ್ಕೆ ಮಾತ್ರ. ಬೆಳೆ ವಿಮೆಯ ನಿಯಮ ಗುತ್ತಿಗೆದಾರನನ್ನೂ ಒಳಗೊಳ್ಳುತ್ತದೆ, ಆದರೆ ಕರಾರಿನ ಕಾಗದ ಕೇಳುತ್ತದೆ. ಕಾಗದ ಬರೆದುಕೊಡುವವರು ಯಾರು?

ಯಾರೂ ಬರೆದುಕೊಡದಿರುವುದಕ್ಕೆ ಕಾರಣ ಕಾನೂನಿನಲ್ಲಿದೆ. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಕಾಲದಲ್ಲಿ ತಿದ್ದುಪಡಿಯಾಗಿ, ಗೇಣಿಯಲ್ಲಿದ್ದ ಭೂಮಿ 1974ರ ಮಾರ್ಚ್ 1ರಿಂದ ಸರ್ಕಾರದ ವಶವಾಯಿತು, ಉಳುವವರಿಗೆ ಸಿಕ್ಕಿತು. ಲಕ್ಷಾಂತರ ಒಕ್ಕಲು ಕುಟುಂಬಗಳ ಹಣೆಬರಹ ಬದಲಿಸಿದ ಆ ಕಾಯ್ದೆ ಮುಂದೆ ಗೇಣಿಯನ್ನೇ ನಿಷೇಧಿಸಿತು. ಸೈನಿಕರು, ನಾವಿಕರಂಥ ಕೆಲವರಿಗಷ್ಟೇ ವಿನಾಯಿತಿ. ಹೊಲದಲ್ಲಿ ಗುತ್ತಿಗೆ ನಿಲ್ಲಲಿಲ್ಲ, ದಾಖಲೆಯಲ್ಲಷ್ಟೇ ನಿಂತುಹೋಯಿತು. 2020ರ ತಿದ್ದುಪಡಿ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಲು ದಾರಿ ಮಾಡಿತು, ಗೇಣಿ ನಿಷೇಧವನ್ನು ಮಾತ್ರ ಮುಟ್ಟಲಿಲ್ಲ. ಪರಿಣಾಮ ವಿಚಿತ್ರ: ಬೆಂಗಳೂರಿನಲ್ಲಿ ಕೂತು ಸಿಂಧನೂರಿನಲ್ಲಿ ಹತ್ತು ಎಕರೆ ಕೊಂಡವನಿಗೆ ಎಫ್‌ಐಡಿ ಸಿಗುತ್ತದೆ, ಅದೇ ಹತ್ತು ಎಕರೆಯ ಕೆಸರಿನಲ್ಲಿ ನಿಂತವನಿಗೆ ಸಿಗುವುದಿಲ್ಲ.

ಲಿಂಗಸುಗೂರು ಮತ್ತು ಮಸ್ಕಿಯ ಮಳೆಯಾಶ್ರಿತ ಊರುಗಳಲ್ಲಿ ಅದೇ ಕೊರತೆ ಬೇರೆ ರೂಪದಲ್ಲಿ ಕಾಣುತ್ತದೆ. ತೊಗರಿ, ಸಜ್ಜೆ ಬೆಳೆಯುವ ಹೊಲ ಸ್ವಂತದ್ದೇ, ಪಹಣಿ ಮಾತ್ರ ತೀರಿಹೋದ ಅಜ್ಜನ ಹೆಸರಲ್ಲಿ. ಮೂವರು ಗಂಡುಮಕ್ಕಳು ಬದು ಹಾಕಿಕೊಂಡು ಬೇರೆ ಬೇರೆ ಬಿತ್ತುತ್ತಾರೆ, ಕಾಗದದ ಮೇಲೆ ಪಾಲಾಗಿಲ್ಲ. ಪಹಣಿಗೆ ಆಧಾರ್ ಜೋಡಿಸುವ ಕೆಲಸ ನಡೆದಾಗ ರಾಜ್ಯದಲ್ಲಿ ಲಕ್ಷಗಟ್ಟಲೆ ಜಮೀನು ಸತ್ತವರ ಹೆಸರಿನಲ್ಲೇ ಇರುವುದು ಬೆಳಕಿಗೆ ಬಂತು, ಅಂಥ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಅಭಿಯಾನಕ್ಕೆ ಅದರಿಂದ ಬಿರುಸು ಬಂತು. ಗುಳೆ ಹೋದ ಮನೆಗಳಲ್ಲಿ ಹೊಲ ನೋಡಿಕೊಳ್ಳುವುದು ಹೆಣ್ಣುಮಕ್ಕಳು. ಖಾತೆಯಲ್ಲಿ ಅವರ ಹೆಸರಿಲ್ಲ, ಒಟಿಪಿ ಬರುವ ಫೋನು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋದ ಗಂಡನ ಕಿಸೆಯಲ್ಲಿದೆ. ಇವರಿಗೆ ರೈತ ಸಂಪರ್ಕ ಕೇಂದ್ರದಲ್ಲಿ ಪರಿಹಾರ ಸಿಗದು. ನಾಡಕಚೇರಿಯಲ್ಲಿ ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಪೌತಿ ಖಾತೆ ಮಾಡಿಸಿಕೊಳ್ಳುವುದೇ ಮೊದಲ ಹೆಜ್ಜೆ. ಹಾಗೆ ಮಾಡುವಾಗ ತಂಗಿ, ಅಕ್ಕಂದಿರ ಹೆಸರನ್ನು ಬಿಟ್ಟು ವಂಶವೃಕ್ಷ ಬರೆಸುವ ಚಾಳಿ ಮುಂದೆ ಕೋರ್ಟು ಕಾಣಿಸುತ್ತದೆ, ಅದು ಬೇರೆ ಕಥೆ.

ಗುತ್ತಿಗೆದಾರನಿಗೂ ಗುರುತು ಕೊಡಿ ಎಂದರೆ ಏಳುವ ಆಕ್ಷೇಪ ಹಗುರವಾದುದಲ್ಲ. ಇಂದು ಹೆಸರು ಬರೆಸಿದವನು ನಾಳೆ ಹೊಲವೇ ನನ್ನದು ಎಂದರೆ? 1974ನ್ನು ಕಂಡ ಮನೆತನಗಳಿಗೆ ಈ ಭಯ ಕಲ್ಪನೆಯದಲ್ಲ, ಇತಿಹಾಸದ್ದು. ಒಡೆಯರಲ್ಲೂ ಎರಡೆಕರೆಯ ವಿಧವೆಯರು, ವಯಸ್ಸಾದವರು ಇದ್ದಾರೆ, ಅವರ ಆತಂಕವನ್ನು ಜಮೀನ್ದಾರಿಕೆ ಎಂದು ತಳ್ಳಿಹಾಕುವುದು ಅನ್ಯಾಯ. ನೆರೆಯ ಆಂಧ್ರಪ್ರದೇಶ ಇದಕ್ಕೊಂದು ದಾರಿ ಹುಡುಕಿತು. ಅಲ್ಲಿನ 2019ರ ಬೆಳೆ ಸಾಗುವಳಿದಾರರ ಹಕ್ಕು ಕಾಯ್ದೆ 11 ತಿಂಗಳ ಕರಾರಿನ ಮೇಲೆ ಕಾರ್ಡು ಕೊಡುತ್ತದೆ. ಹಕ್ಕು ಬೆಳೆಯ ಮೇಲೆ, ಭೂಮಿಯ ಮೇಲಲ್ಲ. ಒಡೆಯನ ಸಹಿ ಬೇಕಾದ್ದರಿಂದ ಅಲ್ಲೂ ಎಲ್ಲರಿಗೂ ಕಾರ್ಡು ಸಿಕ್ಕಿಲ್ಲ, ಒಪ್ಪಬೇಕು. ಆದರೂ ಸಹಿ ಹಾಕುವವನಿಗೆ ಕಾನೂನಿನ ಅಭಯವಿದೆ, ನಮ್ಮಲ್ಲಿ ಸಹಿ ಹಾಕಿದರೆ ಅಪರಾಧ ಒಪ್ಪಿಕೊಂಡಂತೆ. ನೀತಿ ಆಯೋಗ 2016ರಲ್ಲೇ ಮಾದರಿ ಭೂಗುತ್ತಿಗೆ ಕಾಯ್ದೆ ರೂಪಿಸಿ ರಾಜ್ಯಗಳ ಮುಂದಿಟ್ಟಿತ್ತು. ಗುತ್ತಿಗೆಗೆ ಕಾನೂನಿನ ಬಾಗಿಲು ತೆರೆದರೆ ಕಂಪನಿಗಳು ನುಗ್ಗುತ್ತವೆ ಎನ್ನುವವರೂ ಇದ್ದಾರೆ. ವಿಸ್ತೀರ್ಣಕ್ಕೆ ಮಿತಿ ಹಾಕಿ, ಸಾಗುವಳಿದಾರ ವ್ಯಕ್ತಿಯೇ ಆಗಿರಬೇಕು ಎಂದು ಬರೆದರೆ ಆ ಬಾಗಿಲನ್ನು ಬೇಕಾದಷ್ಟೇ ತೆರೆಯಬಹುದು.

ಇನ್ನೊಂದು ಆಕ್ಷೇಪ ಗೋಪ್ಯತೆಯದು. ಜಮೀನು, ಜಾತಿ, ಸಾಲ, ಬೆಳೆ, ಬ್ಯಾಂಕ್ ಖಾತೆ ಎಲ್ಲ ಒಂದೇ ಸಂಖ್ಯೆಯ ಹಿಂದೆ ಕೂತರೆ ಅದನ್ನು ಯಾರು ಯಾರು ನೋಡಬಹುದು? 2024ರ ಸೆಪ್ಟೆಂಬರ್ 2ರಂದು ಕೇಂದ್ರ ಸಂಪುಟ 2,817 ಕೋಟಿ ರೂಪಾಯಿಯ ಡಿಜಿಟಲ್ ಕೃಷಿ ಮಿಷನ್‌ಗೆ ಒಪ್ಪಿಗೆ ಕೊಟ್ಟು, ದೇಶದ 11 ಕೋಟಿ ರೈತರಿಗೆ ಗುರುತಿನ ಸಂಖ್ಯೆ ಕೊಡುವ ಗುರಿ ಇಟ್ಟುಕೊಂಡ ಮೇಲೆ ಈ ಪ್ರಶ್ನೆ ದೊಡ್ಡದಾಗಿದೆ. ಪ್ರಶ್ನೆ ಸರಿ. ಆದರೆ ಸಾಗುವಳಿದಾರನನ್ನು ಹೊರಗಿಡುವುದು ಅದಕ್ಕೆ ಉತ್ತರವಲ್ಲ. ಅವನ ವಿವರ ಗೊಬ್ಬರದಂಗಡಿಯ ಉದ್ರಿ ಪುಸ್ತಕದಲ್ಲಿ ಹೇಗೂ ಇದೆ, ಬಡ್ಡಿ ಸಮೇತ.

ಕಾಯ್ದೆ ತಿದ್ದುವುದಕ್ಕೆ ವರ್ಷಗಳೇ ಹಿಡಿಯಬಹುದು. ಅಷ್ಟರೊಳಗೆ ಕೈಗೆಟಕುವ ಕೆಲಸವೊಂದಿದೆ. ಪ್ರತಿ ಹಂಗಾಮಿನಲ್ಲಿ ಬೆಳೆ ಸಮೀಕ್ಷೆ ನಡೆಯುತ್ತದೆ. ಸರ್ವೆ ನಂಬರಿನೊಳಗೆ ನಿಂತು ಮೊಬೈಲಿನಲ್ಲಿ ಬೆಳೆಯ ಫೋಟೊ ತೆಗೆದು ಏರಿಸುತ್ತಾರೆ. ಹೊಲದಲ್ಲಿ ತೊಗರಿ ಇದ್ದು ಸಮೀಕ್ಷೆಯಲ್ಲಿ ಹತ್ತಿ ಎಂದು ಬಿದ್ದರೆ ಖರೀದಿ ಕೇಂದ್ರದಲ್ಲಿ ಚೀಲ ವಾಪಸ್ ಬರುತ್ತದೆ. ಆ ಫೋಟೊಗೆ ಅಷ್ಟು ತೂಕವಿದೆ. ಆ ಆ್ಯಪಿನಲ್ಲಿ ‘ಈ ಹಂಗಾಮಿನಲ್ಲಿ ಬಿತ್ತಿದವರು’ ಎಂಬ ಒಂದು ಸಾಲು ಸೇರಿಸಿ, ಭೂಮಿಯ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ ಎಂಬ ಆದೇಶದ ರಕ್ಷಣೆ ಅದಕ್ಕೆ ಕೊಟ್ಟರೆ, ಬೆಳೆಹಾನಿ ಪರಿಹಾರದ ಪಟ್ಟಿಯನ್ನು ಕನಿಷ್ಠ ಪಕ್ಷ ಎರಡು ಹೆಸರಿನಿಂದ ಓದಬಹುದು. ಹನ್ನೆರಡನೆಯ ಕಾಲಮ್ಮು ಈಗಲೂ ಪಹಣಿಯಲ್ಲಿ ಅಚ್ಚಾಗುತ್ತಲೇ ಇದೆ. ಅಲ್ಲಿ ಹೆಚ್ಚಿನ ಹೊಲಗಳಿಗೆ ಬರೆದಿರುವುದು ಒಂದೇ ಪದ: ಸ್ವಂತ.