ಪರದೇಶದ ಸಾಗಣೆ ವಿಮಾನಗಳು

ಬೆಂಗಳೂರಿನಿಂದ ಉತ್ತರಕ್ಕೆ, ಹೆಬ್ಬಾಳದ ಕೆರೆಯನ್ನು ದಾಟಿ ಬಳ್ಳಾರಿಯ ಹೆದ್ದಾರಿಯಲ್ಲಿ ಮುಂದೆ ಹೋದರೆ ಯಲಹಂಕದ ವಾಯುಸೇನಾ ನೆಲೆ ಸಿಕ್ಕುತ್ತದೆ. ೧೯೯೬ರಿಂದ ಎರಡು ವರ್ಷಗಳಿಗೊಮ್ಮೆ ಅಲ್ಲಿ ನಡೆಯುತ್ತ ಬಂದಿರುವ ‘ಏರೋ ಇಂಡಿಯಾ’ ಪ್ರದರ್ಶನವನ್ನು ನಮ್ಮ ನಗರದವರೆಲ್ಲ ಬಲ್ಲರು. ಆ ದಿನಗಳಲ್ಲಿ ಜನ ಕತ್ತೆತ್ತಿ ನೋಡುವುದು ಗುಡುಗಿನಂತೆ ಮೊರೆಯುವ ಯುದ್ಧವಿಮಾನಗಳನ್ನು. ಆದರೆ ವರ್ಷದ ಮಿಕ್ಕ ದಿನಗಳಲ್ಲಿ ಯಲಹಂಕದವರ ಕಣ್ಣಿಗೆ ಬೀಳುವುದು ಬೇರೊಂದು ಜಾತಿಯ ವಿಮಾನ. ರೆಕ್ಕೆಗಳ ಮೇಲೆ ಎರಡು ದೊಡ್ಡ ಎಂಜಿನುಗಳನ್ನು ಹೊತ್ತು, ದಪ್ಪ ಹೊಟ್ಟೆಯೊಡನೆ, ಅವಸರವಿಲ್ಲದೆ ಸುತ್ತುವ ಸಾಗಣೆ ವಿಮಾನವದು. ೧೯೬೩ರಲ್ಲಿ ಸ್ಥಾಪಿತವಾದ ಈ ನೆಲೆಯು ನಮ್ಮ ವಾಯುಸೇನೆಯ ಸಾಗಣೆ ವಿಮಾನಗಳ ಚಾಲಕರಿಗೆ ಪಾಠಶಾಲೆಯಾಗಿದೆ. ಅವರು ಕಲಿಯುವ ಆ ವಿಮಾನದ ಹೆಸರು ಆಂಟೊನೊವ್ ೩೨. ಅದು ಪರದೇಶದಿಂದ ಕ್ರಯಕ್ಕೆ ಬಂದದ್ದು. ಒಂದು ದೇಶವು ಇಂತಹ ವಿಮಾನವನ್ನು ಕೊಳ್ಳುವಾಗ ನಿಜವಾಗಿ ಏನನ್ನು ಕೊಳ್ಳುತ್ತದೆ ಎಂಬುದನ್ನು ನಾವು ಈ ಭಾಷಣದಲ್ಲಿ ವಿಚಾರ ಮಾಡೋಣ.

ಸಾಗಣೆ ವಿಮಾನವು ಗುಂಡು ಹಾರಿಸುವುದಿಲ್ಲ; ಆದುದರಿಂದ ಅದಕ್ಕೆ ಕೀರ್ತಿ ಕಡಮೆ. ಆದರೆ ಅದಿಲ್ಲದೆ ಸೈನ್ಯವು ನಿಂತಲ್ಲೇ ನಿಲ್ಲಬೇಕಾಗುತ್ತದೆ. ೧೯೪೭ನೆಯ ಅಕ್ಟೋಬರ್ ೨೭ರಂದು ಸಿಖ್ ದಳದ ಒಂದನೆಯ ಬೆಟಾಲಿಯನ್ನಿನ ಸಿಪಾಯಿಗಳನ್ನು ದೆಹಲಿಯಿಂದ ಶ್ರೀನಗರಕ್ಕೆ ಒಯ್ದದ್ದು ಡಕೋಟಾ ವಿಮಾನಗಳು. ಅಂದು ಅವು ಇಳಿಯದೆ ಹೋಗಿದ್ದರೆ ಕಾಶ್ಮೀರದ ಇತಿಹಾಸವೇ ಬೇರೆಯಾಗುತ್ತಿತ್ತು. ಲಡಾಖಿನ ಉತ್ತರದ ಅಂಚಿನಲ್ಲಿ ದೌಲತ್ ಬೇಗ್ ಓಲ್ಡಿ ಎಂಬ ಬಯಲುಂಟು. ಸಮುದ್ರಮಟ್ಟದಿಂದ ೧೬,೬೦೦ ಅಡಿಗೂ ಮೇಲೆ, ಹುಲ್ಲುಕಡ್ಡಿಯೂ ಬೆಳೆಯದ ಸ್ಥಳ. ಅಂಥ ಗಡಿಯಲ್ಲಿ ಕಾವಲಿರತಕ್ಕ ಸಿಪಾಯಿಗೆ ಅಕ್ಕಿ, ಸೀಮೆಎಣ್ಣೆ, ಔಷಧ, ಮನೆಯಿಂದ ಬಂದ ಕಾಗದ, ಇವುಗಳನ್ನು ಮುಟ್ಟಿಸಲು ವಿಮಾನವೇ ಬೇಕು. ಯುದ್ಧವಿಲ್ಲದ ಕಾಲದಲ್ಲಿಯೂ ಇವುಗಳಿಗೆ ವಿರಾಮವಿಲ್ಲ. ೨೦೧೫ರಲ್ಲಿ ನೇಪಾಳವು ಭೂಕಂಪದಿಂದ ತತ್ತರಿಸಿದಾಗ ವೈದ್ಯರನ್ನೂ ಕಂಬಳಿಗಳನ್ನೂ ಹೊತ್ತುಕೊಂಡು ಹೋದವು ಈ ವಿಮಾನಗಳೇ.

ಇಷ್ಟು ಅಗತ್ಯವಾದ ವಸ್ತುವನ್ನು ನಾವು ಬಹುಮಟ್ಟಿಗೆ ಹೊರಗಿನಿಂದಲೇ ತಂದಿದ್ದೇವೆ. ಡಕೋಟಾ ಅಮೆರಿಕದ್ದು. ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದರೂ ಮೈಸೂರು ಸರ್ಕಾರವೂ ಸೇರಿ ಬೆಂಗಳೂರಿನಲ್ಲಿ ತೆರೆದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯು ಮಹಾಯುದ್ಧದ ಮಧ್ಯದಲ್ಲಿ, ೧೯೪೩ರಲ್ಲಿ, ಅಮೆರಿಕದ ಸೈನ್ಯದ ವಶಕ್ಕೆ ಹೋಗಿ, ಅವರ ವಿಮಾನಗಳನ್ನು ರಿಪೇರಿ ಮಾಡುವ ದೊಡ್ಡ ಕೇಂದ್ರವಾಯಿತು. ನಮ್ಮ ಕೆಲಸಗಾರರು ಪರರ ವಿಮಾನದ ಒಳಮರ್ಮವನ್ನು ಅರಿತದ್ದು ಆಗ. ಆ ವಿದ್ಯೆ ವ್ಯರ್ಥವಾಗಲಿಲ್ಲ. ೧೯೫೪ರಲ್ಲಿ ಅಮೆರಿಕದಿಂದ ತಂದ ಪ್ಯಾಕೆಟ್ ವಿಮಾನಗಳಿಗೆ ಹಿಮಾಲಯದ ತೆಳುವಾದ ಗಾಳಿಯಲ್ಲಿ ಮೇಲೇರುವ ಕಸುವು ಸಾಲದಾದಾಗ, ಅವುಗಳ ಬೆನ್ನಿನ ಮೇಲೆ ಒಂದು ಜೆಟ್ ಎಂಜಿನನ್ನು ಹೆಚ್ಚಾಗಿ ಕೂರಿಸಲಾಯಿತು. ಹಾಗೆ ಬಲಗೊಂಡ ಪ್ಯಾಕೆಟ್ ೧೯೬೨ರಲ್ಲಿ ದೌಲತ್ ಬೇಗ್ ಓಲ್ಡಿಯಲ್ಲಿ ಇಳಿಯಿತು. ಸೋವಿಯತ್ ದೇಶದ ಆಂಟೊನೊವ್ ೧೨ ಕೂಡ ಬಂದಿತು; ಇಂಗ್ಲೆಂಡಿನ ಆವ್ರೋ ವಿಮಾನವನ್ನು ಅವರ ಪರವಾನಗಿಯ ಮೇಲೆ ಕಾನ್ಪುರದಲ್ಲಿ ಕಟ್ಟಲಾಯಿತು. ೧೯೮೪ರಿಂದ ಆಂಟೊನೊವ್ ೩೨, ಮರುವರ್ಷದಿಂದ ‘ಗಜರಾಜ’ನೆಂದು ನಾವು ಹೆಸರಿಟ್ಟ ಇಲ್ಯೂಷಿನ್ ೭೬ ಬಂದುವು.

ಗಜರಾಜನೆಂಬ ಹೆಸರು ನಮ್ಮ ವಿಚಾರಕ್ಕೆ ಒಳ್ಳೆಯ ಉಪಮಾನವನ್ನೇ ಒದಗಿಸಿದೆ. ಆನೆಯನ್ನು ಕೊಳ್ಳುವವನು ಅದರ ಬೆಲೆಯನ್ನು ಮಾತ್ರ ಕೇಳಿದರೆ ಸಾಲದು. ಅದಕ್ಕೆ ನಿತ್ಯ ಮೇವು ಬೇಕು. ಅದರ ಭಾಷೆಯನ್ನು ಬಲ್ಲ ಮಾವುತ ಬೇಕು. ಕಾಯಿಲೆಯಾದರೆ ನೋಡತಕ್ಕ ವೈದ್ಯ ಬೇಕು. ವಿಮಾನಕ್ಕೆ ಮೇವೆಂದರೆ ಬಿಡಿಭಾಗಗಳು. ಮಾವುತನೆಂದರೆ ಚಾಲಕನೂ ನೆಲದ ಮೇಲಿನ ಯಂತ್ರಜ್ಞನೂ. ವೈದ್ಯನೆಂದರೆ ಅದನ್ನು ಕಾಲಕಾಲಕ್ಕೆ ಬಿಚ್ಚಿ ಪರೀಕ್ಷಿಸಿ ಮತ್ತೆ ಜೋಡಿಸುವ ಕಾರ್ಖಾನೆ. ಸಾಗಣೆ ವಿಮಾನದ ಆಯುಸ್ಸು ಮೂವತ್ತು, ನಲವತ್ತು ವರ್ಷ. ಅಷ್ಟು ಕಾಲವೂ ಕೊಂಡವನು ಮಾರಿದವನನ್ನು ನೆಚ್ಚಿರಬೇಕಾಗುತ್ತದೆ. ಪತ್ರಿಕೆಗಳಲ್ಲಿ ಅಚ್ಚಾಗುವ ಕೋಟಿಗಳ ಲೆಕ್ಕದಲ್ಲಿ ಈ ನೆಚ್ಚಿಕೆಯ ಬೆಲೆ ಪೂರ್ತಿಯಾಗಿ ಕಾಣಿಸುವುದಿಲ್ಲ.

ಯಲಹಂಕದ ಆಂಟೊನೊವ್ ೩೨ರ ಕಥೆಯನ್ನೇ ನೋಡೋಣ. ನಮ್ಮ ಉಷ್ಣದೇಶದಲ್ಲಿಯೂ ಎತ್ತರದ ಬಯಲುಗಳಲ್ಲಿಯೂ ಕೆಲಸ ಮಾಡಬೇಕೆಂಬ ದೃಷ್ಟಿಯಿಂದ, ಭಾರತದ ಅಗತ್ಯವನ್ನು ಮುಂದಿಟ್ಟುಕೊಂಡು ರಚಿತವಾದ ವಿಮಾನವಿದು. ಗಾಳಿ ತೆಳುವಾದಷ್ಟೂ ರೆಕ್ಕೆಗೆ ಆಸರೆ ಕಡಮೆ, ಎಂಜಿನಿಗೆ ಉಸಿರು ಕಡಮೆ. ಆದುದರಿಂದ ಇದಕ್ಕೆ ಮೈಗೆ ಮೀರಿದ ಶಕ್ತಿಯ ಎಂಜಿನುಗಳನ್ನಿಟ್ಟು, ಅವುಗಳ ದೊಡ್ಡ ಪಂಖಗಳು ನೆಲದ ಕಲ್ಲುಧೂಳಿಗೆ ಸಿಕ್ಕದಂತೆ ರೆಕ್ಕೆಯ ಮೇಲ್ಗಡೆಗೆ ಏರಿಸಿದರು. ನೂರಕ್ಕೂ ಹೆಚ್ಚು ವಿಮಾನಗಳು ನಮಗೆ ಬಂದುವು. ಪ್ಯಾಕೆಟ್ಟಿನ ಕಾಲದ ತರುವಾಯ ದೌಲತ್ ಬೇಗ್ ಓಲ್ಡಿ ಹಲವು ದಶಕ ಬರಿದಾಗಿತ್ತು. ೨೦೦೮ನೆಯ ಮೇ ೩೧ರಂದು ಅಲ್ಲಿ ಮತ್ತೆ ಚಕ್ರವೂರಿದ್ದು ಇದೇ ವಿಮಾನ. ಕೊಂಡ ವಸ್ತುವು ಉತ್ತಮವಾದದ್ದೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಕೊಟ್ಟ ದೇಶವೇ ಇಲ್ಲದಂತಾದರೆ? ೧೯೯೧ರಲ್ಲಿ ಸೋವಿಯತ್ ಒಕ್ಕೂಟವು ಒಡೆಯಿತು. ಆಂಟೊನೊವ್ ವಿಮಾನವನ್ನು ರಚಿಸಿದ ಕೀವ್ ನಗರವು ಉಕ್ರೇನಿನ ಪಾಲಾಯಿತು. ಇಲ್ಯೂಷಿನ್ ೭೬ರ ರಚನಾಕಾರರು ರಷ್ಯದ ಮಾಸ್ಕೋದಲ್ಲಿ, ಅದನ್ನು ಕಟ್ಟಿದ ಕಾರ್ಖಾನೆ ಉಜ್ಬೇಕಿಸ್ತಾನದ ತಾಷ್ಕೆಂಟಿನಲ್ಲಿ. ಒಂದು ಮನೆಯಿಂದ ಬಂದ ಸಾಮಾನಿನ ಬಿಡಿಭಾಗಗಳಿಗಾಗಿ ಮೂರು ಮನೆಗಳ ಬಾಗಿಲು ತಟ್ಟುವ ಸ್ಥಿತಿ ನಮ್ಮದಾಯಿತು. ೨೦೦೯ರಲ್ಲಿ ಉಕ್ರೇನಿನೊಡನೆ ಸುಮಾರು ೪೦ ಕೋಟಿ ಡಾಲರುಗಳ ಕರಾರಾಯಿತು. ನೂರರಷ್ಟು ಆಂಟೊನೊವ್ ೩೨ಗಳನ್ನು ಹೊಸ ಉಪಕರಣಗಳಿಂದ ನವೀಕರಿಸಬೇಕು. ಅವುಗಳಲ್ಲಿ ನಲವತ್ತು ಅಲ್ಲಿಯೇ, ಮಿಕ್ಕವು ಕಾನ್ಪುರದ ವಾಯುಸೇನಾ ಕಾರ್ಖಾನೆಯಲ್ಲಿ. ಅಲ್ಲಿನ ಕೆಲಸ ನಡೆಯಿತು. ಆದರೆ ೨೦೧೪ರಲ್ಲಿ ರಷ್ಯಕ್ಕೂ ಉಕ್ರೇನಿಗೂ ವೈರ ಹುಟ್ಟಿ, ಕಾನ್ಪುರಕ್ಕೆ ಬರಬೇಕಾದ ಭಾಗಗಳು ತಡೆದುವು. ೨೦೨೨ರಲ್ಲಿ ಆ ವೈರವು ಮಹಾಯುದ್ಧದ ಸ್ವರೂಪವನ್ನೇ ತಾಳಿತು. ನಾವು ಭಾಗಿಗಳಲ್ಲದ ಒಂದು ಜಗಳದಿಂದ ನಮ್ಮ ವಿಮಾನಗಳು ಕಾಯಬೇಕಾಯಿತು.

ಮಾರಿದವನ ಮನೆ ಸುಭದ್ರವಾಗಿದ್ದರೂ ತೊಡಕುಗಳು ತಪ್ಪುವುದಿಲ್ಲ. ೨೦೧೧ರಲ್ಲಿ ನಾವು ಅಮೆರಿಕದಿಂದ ಹತ್ತು ಸಿ-೧೭ ವಿಮಾನಗಳನ್ನು ಸುಮಾರು ೪೧೦ ಕೋಟಿ ಡಾಲರುಗಳಿಗೆ ಗೊತ್ತು ಮಾಡಿದೆವು. ಟ್ಯಾಂಕನ್ನು ಹೊರಬಲ್ಲ ಭಾರೀ ವಿಮಾನವದು. ಬಳಿಕ ಇನ್ನೂ ಕೆಲವು ಬೇಕೆನ್ನಿಸುವ ಹೊತ್ತಿಗೆ, ೨೦೧೫ರಲ್ಲಿ, ತಯಾರಕರು ಅದನ್ನು ಕಟ್ಟುವುದನ್ನೇ ನಿಲ್ಲಿಸಿದರು. ಮಾರಾಟವಾಗದೆ ಉಳಿದಿದ್ದ ಒಂದೇ ಒಂದು ನಮಗೆ ದೊರೆತು, ೨೦೧೯ರಲ್ಲಿ ಬಂದು ಸೇರಿತು. ಇನ್ನೊಂದು ನಿದರ್ಶನ: ೨೦೧೧ರಲ್ಲಿ ಬಂದ ಸಿ-೧೩೦ಜೆ ವಿಮಾನಗಳಲ್ಲಿ ಗುಪ್ತವಾಗಿ ಮಾತನಾಡುವ ಕೆಲವು ಅಮೆರಿಕನ್ ಉಪಕರಣಗಳು ಇರಲಿಲ್ಲ. ಅವುಗಳನ್ನು ಕೊಡಬೇಕಾದರೆ ನಾವು ಒಂದು ಪ್ರತ್ಯೇಕ ಒಡಂಬಡಿಕೆಗೆ ಒಪ್ಪಬೇಕೆಂಬುದು ಅವರ ನಿಯಮ. ನಾವು ಆಗ ಒಪ್ಪಿರಲಿಲ್ಲ. ಅಂಥ ಒಡಂಬಡಿಕೆಗೆ ಸಹಿ ಬಿದ್ದದ್ದು ೨೦೧೮ರಲ್ಲಿ. ಹಣ ಕೊಟ್ಟ ಮಾತ್ರಕ್ಕೆ ವಸ್ತುವು ಸರ್ವಾಂಗಪೂರ್ಣವಾಗಿ ಬರುವುದಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಹಾಗಾದರೆ ನಾವೇ ಏಕೆ ಕಟ್ಟಬಾರದು? ಪ್ರಯತ್ನವೇನೋ ನಡೆದಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ರಚಿಸಿದ ‘ಸರಸ್’ ಎಂಬ ಸಣ್ಣ ವಿಮಾನವು ೨೦೦೪ನೆಯ ಮೇ ೨೯ರಂದು ಮೊದಲು ಹಾರಿತು. ೨೦೦೯ನೆಯ ಮಾರ್ಚ್ ೬ರಂದು ಅದರ ಎರಡನೆಯ ಮಾದರಿ ಬಿಡದಿಯ ಹತ್ತಿರ ಬಿದ್ದು, ವಾಯುಸೇನೆಯ ಮೂವರು ಪ್ರಾಣ ಕಳೆದುಕೊಂಡರು. ಕೆಲಸವು ವರ್ಷಗಟ್ಟಲೆ ಹಿಂದೆ ಬಿದ್ದಿತು. ತಿದ್ದಿದ ಮಾದರಿ ೨೦೧೮ರಲ್ಲಿ ಮತ್ತೆ ಹಾರಿತು. ದೊಡ್ಡ ಸಾಗಣೆ ವಿಮಾನವೊಂದನ್ನು ರಷ್ಯದೊಡನೆ ಜೊತೆಯಾಗಿ ರಚಿಸಬೇಕೆಂದು ೨೦೦೭ರಲ್ಲಿ ಒಪ್ಪಂದವಾಯಿತು. ಕೆಲವು ವರ್ಷಗಳ ಮಾತುಕತೆಯ ನಂತರ ಅದೂ ಕೈಬಿಟ್ಟಿತು. ವಿಮಾನವನ್ನು ರಚಿಸುವುದೆಂದರೆ ಒಂದು ತಲೆಮಾರಿನ ತಾಳ್ಮೆ. ಅಷ್ಟು ಕಾಲ ಗಡಿಯ ಸಿಪಾಯಿಯನ್ನು ಉಪವಾಸವಿರಿಸಲಾಗದು. ಆದುದರಿಂದ ಕೊಳ್ಳುವುದೂ ಬೇಕು, ಕೊಳ್ಳುತ್ತಲೇ ಕಲಿಯುವುದೂ ಬೇಕು.

ಈ ದೃಷ್ಟಿಯಿಂದ ೨೦೨೧ನೆಯ ಸೆಪ್ಟೆಂಬರಿನಲ್ಲಿ ಸ್ಪೇನಿನ ಏರ್‌ಬಸ್ ಸಂಸ್ಥೆಯೊಡನೆ ಆದ ಕರಾರು ಗಮನಕ್ಕೆ ಯೋಗ್ಯವಾದದ್ದು. ಮುದಿಯಾದ ಆವ್ರೋಗಳ ಸ್ಥಾನಕ್ಕೆ ೫೬ ಸಿ-೨೯೫ ವಿಮಾನಗಳು. ಬೆಲೆ ಸುಮಾರು ೨೧,೯೩೫ ಕೋಟಿ ರೂಪಾಯಿ. ಹದಿನಾರು ಸ್ಪೇನಿನ ಸೆವಿಲ್ ನಗರದಿಂದ ಸಿದ್ಧವಾಗಿ ಬರುವುದು, ಮಿಕ್ಕ ನಲವತ್ತನ್ನು ಟಾಟಾ ಸಂಸ್ಥೆ ಗುಜರಾತಿನ ವಡೋದರದಲ್ಲಿ ಕಟ್ಟುವುದು ಎಂದು ಏರ್ಪಾಡು. ಮೊದಲನೆಯದು ೨೦೨೩ರಲ್ಲಿ ಬಂದಿತು; ವಡೋದರದ ಕಾರ್ಖಾನೆ ೨೦೨೪ನೆಯ ಅಕ್ಟೋಬರಿನಲ್ಲಿ ಪ್ರಾರಂಭವಾಯಿತು; ಹದಿನಾರನೆಯದು ೨೦೨೫ನೆಯ ಆಗಸ್ಟಿನಲ್ಲಿ ನಮ್ಮ ಕೈಸೇರಿತು. ಸೈನ್ಯದ ಇಡೀ ಸಾಗಣೆ ವಿಮಾನವನ್ನು ಈ ದೇಶದ ಖಾಸಗಿ ಕಾರ್ಖಾನೆಯೊಂದು ಕಟ್ಟಲು ಹೊರಟಿರುವುದು ಇದೇ ಮೊದಲು. ಈ ೫೬ಕ್ಕೂ ಶತ್ರುವಿನ ರಾಡಾರನ್ನೂ ಕ್ಷಿಪಣಿಯನ್ನೂ ಅರಿತು ತಪ್ಪಿಸಿಕೊಳ್ಳುವ ಸಲಕರಣೆ ಸ್ವದೇಶದ್ದೇ ಆಗಿರುತ್ತದೆ. ಅದರ ತಯಾರಿಕೆಯಲ್ಲಿ ನಮ್ಮ ಯಶವಂತಪುರಕ್ಕೆ ಸಮೀಪದ ಜಾಲಹಳ್ಳಿಯಲ್ಲಿ ೧೯೫೪ರಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಗೆ ಪಾಲುಂಟು.

ಇಷ್ಟರಿಂದ ತೃಪ್ತರಾಗಬಹುದೆ? ಎರಡು ಮಾತುಗಳನ್ನು ನೆನಪಿನಲ್ಲಿಡಬೇಕು. ಮೊದಲನೆಯದು ಕಾಲಹರಣ. ಆವ್ರೋಗಳನ್ನು ಬದಲಾಯಿಸಬೇಕೆಂದು ರಕ್ಷಣಾ ಇಲಾಖೆ ತೀರ್ಮಾನಿಸಿದ್ದು ೨೦೧೨ರಲ್ಲಿ. ಕರಾರಿಗೆ ಸಹಿ ಬೀಳಲು ಒಂಬತ್ತು ವರ್ಷ ಬೇಕಾಯಿತು. ಆ ಅವಧಿಯಲ್ಲಿ ಹಳೆಯ ವಿಮಾನಗಳನ್ನು ಹಾರಿಸಿದವರು ತೀರ್ಮಾನ ಮಾಡಿದವರಲ್ಲ, ಯಲಹಂಕದಲ್ಲಿ ಕಲಿತು ಹೋದಂಥ ತರುಣರು. ೨೦೧೬ನೆಯ ಜುಲೈ ೨೨ರಂದು ತಾಂಬರಂನಿಂದ ಪೋರ್ಟ್ ಬ್ಲೇರಿಗೆ ಹೊರಟ ಒಂದು ಆಂಟೊನೊವ್ ೩೨, ೨೯ ಮಂದಿಯೊಡನೆ ಬಂಗಾಳ ಕೊಲ್ಲಿಯಲ್ಲಿ ಕಾಣೆಯಾಯಿತು. ಅದರ ಅವಶೇಷಗಳ ಸುಳಿವು ಸುಮಾರು ೩,೪೦೦ ಮೀಟರ್ ಆಳದಲ್ಲಿ ದೊರೆತದ್ದು ೨೦೨೪ರಲ್ಲಿ. ಆ ದುರಂತಕ್ಕೆ ಇಂಥದೇ ಕಾರಣವೆಂದು ನಾವು ಹೇಳುತ್ತಿಲ್ಲ. ಕಡತಗಳ ಮೇಲೆ ಕಳೆಯುವ ಒಂದೊಂದು ವರ್ಷದ ಹೊರೆಯನ್ನು ಯಾರು ಹೊರುತ್ತಾರೆ ಎಂಬುದನ್ನು ಮಾತ್ರ ನೆನಪಿಸುತ್ತಿದ್ದೇವೆ.

ಎರಡನೆಯದು, ಕಟ್ಟುವುದಕ್ಕೂ ರಚಿಸುವುದಕ್ಕೂ ಇರುವ ಭೇದ. ವಡೋದರದಲ್ಲಿ ಸಾವಿರಾರು ಭಾಗಗಳನ್ನು ನಮ್ಮವರೇ ತಯಾರಿಸುವರು. ಆದರೆ ವಿಮಾನದ ಎಂಜಿನು ಕೆನಡಾ ದೇಶದ್ದು, ನಕ್ಷೆ ಸ್ಪೇನಿನದು. ಕಾನ್ಪುರದಲ್ಲಿ ೧೯೬೧ರಲ್ಲಿಯೇ ನಾವು ಪರರ ನಕ್ಷೆಯಂತೆ ಕಟ್ಟಿದ ಆವ್ರೋ ಹಾರಿತ್ತು. ಆ ವಿದ್ಯೆ ಮುಂದಿನ ವಿಮಾನವನ್ನು ನಾವೇ ರಚಿಸುವ ಮಟ್ಟಕ್ಕೆ ಬೆಳೆಯಲಿಲ್ಲ; ಅರವತ್ತು ವರ್ಷಗಳ ಮೇಲೆ ಅದರ ಸ್ಥಾನಕ್ಕೆ ಮತ್ತೆ ಪರರ ನಕ್ಷೆಯನ್ನೇ ತರಬೇಕಾಯಿತು. ಈ ಸಲವೂ ಹಾಗಾಗಬಾರದು.

ಇದಕ್ಕೂ ದೊಡ್ಡ ಸಾಗಣೆ ವಿಮಾನಗಳ ಅಗತ್ಯವನ್ನು ವಾಯುಸೇನೆಯು ಆಗಲೇ ಪ್ರಕಟಿಸಿದೆ. ಇಂಥ ಕ್ರಯಗಳ ವಾರ್ತೆ ಪತ್ರಿಕೆಗಳಲ್ಲಿ ಮುಂದೆಯೂ ಬರುತ್ತಿರುವುದು. ಆಗ ಶ್ರೋತೃಗಳು ಎಷ್ಟು ಕೋಟಿ ಎಂದು ಕೇಳುವುದರ ಜೊತೆಗೆ ಇನ್ನು ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ನಮ್ಮ ಸೂಚನೆ. ಮೂವತ್ತನೆಯ ವರ್ಷದಲ್ಲಿ ಇದರ ಬಿಡಿಭಾಗ ಎಲ್ಲಿಂದ ಬರುತ್ತದೆ? ಮಾರಿದ ದೇಶದ ಮನಸ್ಸು ಬದಲಾದರೂ ಇದನ್ನು ಹಾರಿಸಬಲ್ಲೆವೆ? ಇದರ ಕೆಲಸದಿಂದ ನಮ್ಮ ಎಂಜಿನಿಯರುಗಳು ಕಲಿತದ್ದು ಮುಂದಿನ ವಿಮಾನದ ನಕ್ಷೆಗೆ ಒದಗುತ್ತದೆಯೆ? ತೆರಿಗೆಯನ್ನು ಕೊಡುವ ಪ್ರಜೆಗೆ ಈ ಪ್ರಶ್ನೆಗಳನ್ನು ಕೇಳುವ ಹಕ್ಕುಂಟು. ಆ ವಿಮಾನದಲ್ಲಿ ಕುಳಿತು ಹಿಮಾಲಯವನ್ನು ದಾಟುವವರ ಸಲುವಾಗಿ ಕೇಳುವ ಕರ್ತವ್ಯವೂ ಉಂಟು.