ಕಾಣದೆ ಹೋದ ಜಾನ್

1960ರ ಫೆಬ್ರವರಿ 11ರಂದು, ಲಿಬಿಯಾದ ಕಲಾಂಶಿಯೋ ಮರಳುಗಾಡಿನಲ್ಲಿ ತೈಲ ಹುಡುಕುತ್ತ ಹೊರಟಿದ್ದವರಿಗೆ ಐದು ಮಂದಿಯ ಅಸ್ಥಿಗಳು ಒಂದೇ ಕಡೆ ಸಿಕ್ಕವು. ಸುತ್ತ ನೀರಿನ ಕ್ಯಾಂಟೀನು, ಟಾರ್ಚು, ಪ್ಯಾರಾಚೂಟಿನ ಬಟ್ಟೆ, ವಿಮಾನದಳದ ಜಾಕೆಟ್ಟುಗಳು ಬಿದ್ದಿದ್ದವು. ಒಂದು ಪುಟ್ಟ ದಿನಚರಿಯೂ ಇತ್ತು. ಬರೆದವನು ಸಹಪೈಲಟ್ ರಾಬರ್ಟ್ ಟೋನರ್. ಸುಮಾರು ಹದಿನೇಳು ವರ್ಷ ಮರಳಿನಲ್ಲಿದ್ದರೂ ಅಕ್ಷರಗಳನ್ನು ಓದಬಹುದಿತ್ತು. 1943ರ ಏಪ್ರಿಲ್ 4ರ ಟಿಪ್ಪಣಿ ತುಂಬ ಚಿಕ್ಕದು. ದಾರಿ ತಪ್ಪಿತು, ಇಂಧನ ಮುಗಿಯಿತು, ಜಿಗಿದೆವು, ಯಾರಿಗೂ ಹೆಚ್ಚು ಪೆಟ್ಟಾಗಿಲ್ಲ ಎಂದು ಬರೆದು, ಜಾನ್ ಒಬ್ಬ ಕಾಣುತ್ತಿಲ್ಲ, ಉಳಿದವರೆಲ್ಲ ಇದ್ದೇವೆ ಎಂದು ಸೇರಿಸಿದ್ದಾನೆ. ಮರುದಿನ ವಾಯವ್ಯಕ್ಕೆ ನಡೆಯತೊಡಗಿದ ಸುದ್ದಿಯ ಜೊತೆಗೆ ಮತ್ತೊಮ್ಮೆ ಅದೇ ಮಾತು, ಜಾನ್ ಇನ್ನೂ ಇಲ್ಲ ಎಂದು. ಆಮೇಲೆ ಆ ಹೆಸರು ಬರುವುದಿಲ್ಲ.

ಜಾನ್ ವೊರಾವ್ಕಾ ಅಮೆರಿಕದ ಕ್ಲೀವ್‌ಲ್ಯಾಂಡಿನವನು. ‘ಲೇಡಿ ಬಿ ಗುಡ್’ ಎಂಬ ಬಿ-24 ಲಿಬರೇಟರ್ ವಿಮಾನದಲ್ಲಿ ಬಾಂಬು ಬೀಳಿಸುವ ಹೊಣೆ ಆತನದು. ಈ ವಿಮಾನದ ಕತೆ ಹೇಳುವವರು ಸಾಮಾನ್ಯವಾಗಿ ವಿಮಾನದಿಂದಲೇ ಶುರುಮಾಡಿ ವಿಮಾನದಲ್ಲೇ ಮುಗಿಸುತ್ತಾರೆ. ನನ್ನ ಮನಸ್ಸು ಮಾತ್ರ ಪ್ರತಿ ಸಲವೂ ಆ ಎರಡು ಸಾಲಿನ ಹತ್ತಿರ ನಿಂತುಬಿಡುತ್ತದೆ.

ಲಿಬರೇಟರ್ ನಮ್ಮ ಬೆಂಗಳೂರಿಗೆ ಹೊಸದಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಇದೇ ಜಾತಿಯ ವಿಮಾನಗಳನ್ನು ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಹಾರಿಸಿ ತಂದು, ರಿಪೇರಿ ಮಾಡಿ ಭಾರತೀಯ ವಾಯುಪಡೆಗೆ ಕೊಟ್ಟರು. 1968ರವರೆಗೂ ಅವು ಹಾರಿದವು. ನಾಲ್ಕು ಎಂಜಿನ್ನಿನ, ಬಹಳ ದೂರ ಹೋಗಬಲ್ಲ ವಿಮಾನ ಅದು. ವೊರಾವ್ಕಾನ ಗೆಳೆಯರಿಗೆ ಮುಳುವಾದದ್ದು ಆ ದೂರ ಹೋಗುವ ಶಕ್ತಿಯೇ.

1943ರ ಏಪ್ರಿಲ್ 4ರ ಹಾರಾಟ ‘ಲೇಡಿ ಬಿ ಗುಡ್’ನಲ್ಲಿದ್ದ ಒಂಬತ್ತು ಮಂದಿಯ ಮೊದಲ ದಾಳಿ. ಬೆಂಗಾಜಿ ಬಳಿಯ ಸೊಲುಕ್ ನೆಲೆಯಿಂದ ಹೊರಟು ಇಟಲಿಯ ನೇಪಲ್ಸ್ ಬಂದರಿಗೆ ಬಾಂಬು ಹಾಕಬೇಕಿತ್ತು. ಹೊರಡುವಾಗಲೇ ಮರಳಿನ ಬಿರುಗಾಳಿ. ಹಲವು ವಿಮಾನಗಳು ಎಂಜಿನ್ನಿಗೆ ಮರಳು ನುಗ್ಗಿ ಹಿಂದಿರುಗಿದವು. ಕೊನೆಯಲ್ಲಿ ಹೊರಟವುಗಳಲ್ಲಿ ಒಂದಾದ ‘ಲೇಡಿ ಬಿ ಗುಡ್’ ನೇಪಲ್ಸ್ ತಲುಪುವ ಹೊತ್ತಿಗೆ ಕತ್ತಲಾಗಿತ್ತು, ಗುರಿ ಕಾಣಲಿಲ್ಲ. ವೊರಾವ್ಕಾ ಕಲಿತ ಕೆಲಸ ಆ ರಾತ್ರಿ ನೇಪಲ್ಸ್ ಮೇಲೆ ನಡೆಯಲೇ ಇಲ್ಲ.

ನಡುರಾತ್ರಿ ದಾಟಿ ಹನ್ನೆರಡು ನಿಮಿಷಕ್ಕೆ ಪೈಲಟ್ ವಿಲಿಯಂ ಹ್ಯಾಟನ್ ರೇಡಿಯೋದಲ್ಲಿ ದಿಕ್ಕು ಕೇಳಿದ. ತನ್ನ ದಿಕ್ಕು ತೋರುವ ಉಪಕರಣ ಕೆಲಸ ಮಾಡುತ್ತಿಲ್ಲ ಎಂದ. ನೆಲದ ಮೇಲಿದ್ದ ಬೆನಿನಾ ರೇಡಿಯೋ ಕೇಂದ್ರ 330 ಡಿಗ್ರಿ ಎಂದಿತು. ಅಂದರೆ ವಿಮಾನ ವಾಯವ್ಯದಲ್ಲಿ, ಸಮುದ್ರದ ಮೇಲಿದೆ ಎಂದು. ಆದರೆ ಅಂದಿನ ಆ ಆಂಟೆನಾ ವಿಮಾನ ಯಾವ ಗೆರೆಯಲ್ಲಿದೆ ಎಂದಷ್ಟೇ ಹೇಳಬಲ್ಲದಾಗಿತ್ತು, ಆ ಗೆರೆಯಲ್ಲಿ ತನ್ನ ಯಾವ ಪಕ್ಕಕ್ಕಿದೆ ಎಂದು ಹೇಳಲಾರದಾಗಿತ್ತು. ಗಾಳಿ ಹಿಂದಿನಿಂದ ತಳ್ಳಿದ್ದರಿಂದ ವಿಮಾನ ಆಗಲೇ ನೆಲೆಯನ್ನು ದಾಟಿ ಆಗ್ನೇಯಕ್ಕೆ ಹೊರಟುಹೋಗಿತ್ತು. ಕೇಂದ್ರದಲ್ಲಿದ್ದವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಕೇಳಿದವರು ತಿಳಿದುಕೊಂಡದ್ದರಲ್ಲಿ ದಡ್ಡತನವೂ ಇರಲಿಲ್ಲ. ಕೆಳಗೆ ಕಾಣುತ್ತಿದ್ದದ್ದು ಬರೀ ಕತ್ತಲು. ಕತ್ತಲಲ್ಲಿ ಮರಳುಗಾಡೂ ಸಮುದ್ರವೂ ಒಂದೇ ತರ. ಎರಡು ಗಂಟೆ ಹೀಗೇ ಹಾರಿ, ಇಂಧನ ಮುಗಿಯುವ ಹೊತ್ತಿಗೆ ಒಂಬತ್ತು ಮಂದಿಯೂ ಜಿಗಿದರು.

ಮೇಲಿನವರು ವಿಮಾನ ಸಮುದ್ರದಲ್ಲಿ ಮುಳುಗಿತೆಂದು ತೀರ್ಮಾನಿಸಿ, ಸಮುದ್ರದಲ್ಲೇ ಹುಡುಕಿ ಸುಮ್ಮನಾದರು.

ಹದಿನೈದು ವರ್ಷ ಕಳೆದ ಮೇಲೆ, 1958ರಲ್ಲಿ, ತೈಲ ಸಮೀಕ್ಷೆಗೆ ಹಾರುತ್ತಿದ್ದವರ ಕಣ್ಣಿಗೆ ಮರಳಿನ ಮೇಲೆ ಹೊಟ್ಟೆಯೂರಿ ಮಲಗಿದ್ದ ವಿಮಾನವೊಂದು ಬಿತ್ತು. ಸೊಲುಕ್‌ನಿಂದ ಸುಮಾರು 700 ಕಿಲೋಮೀಟರ್ ದಕ್ಷಿಣಕ್ಕೆ. ಸುದ್ದಿ ಟ್ರಿಪೋಲಿಯ ಅಮೆರಿಕನ್ ನೆಲೆಗೆ ಹೋಯಿತು. ಅಷ್ಟು ಒಳಗೆ ಯಾವ ವಿಮಾನವೂ ಕಳೆದುಹೋದ ದಾಖಲೆಯೇ ಇಲ್ಲವೆಂದು ಅವರು ಅದನ್ನು ಕೈಗೆತ್ತಿಕೊಳ್ಳಲಿಲ್ಲ. 1959ರ ಫೆಬ್ರವರಿ ಕೊನೆಯಲ್ಲಿ ತೈಲದವರೇ ನೆಲದ ಮೇಲಿಂದ ಅಲ್ಲಿಗೆ ಹೋದರು. ವಿಮಾನ ಎರಡು ತುಂಡಾಗಿತ್ತು, ಮಿಕ್ಕಂತೆ ನಿನ್ನೆ ಬಿಟ್ಟುಹೋದ ಹಾಗಿತ್ತು. ರೇಡಿಯೋ ಕೆಲಸ ಮಾಡುತ್ತಿತ್ತು, ಮೆಷಿನ್‌ಗನ್ ಸಿಡಿಯುತ್ತಿತ್ತು, ಥರ್ಮಾಸಿನಲ್ಲಿದ್ದ ಚಹಾ ಕುಡಿಯುವಂತಿತ್ತು. ಆಹಾರ, ನೀರು ಎರಡೂ ಇದ್ದವು. ಮನುಷ್ಯರ ಕುರುಹು ಮಾತ್ರ ಇಲ್ಲ, ಪ್ಯಾರಾಚೂಟುಗಳೂ ಇಲ್ಲ.

ಹುಡುಕಾಟ ನಿಜವಾಗಿ ಶುರುವಾದದ್ದು ಇಲ್ಲಿಂದ. ಅಮೆರಿಕದ ಸೇನೆಯ ತಂಡ ಆ ಬೇಸಿಗೆಯಲ್ಲಿ ಉತ್ತರದ ಕಡೆ ಹುಡುಕುತ್ತ ಹೋಯಿತು. ಒಂದು ಕಡೆ ಬೂಟುಗಳು. ಇನ್ನೊಂದು ಕಡೆ ಪ್ಯಾರಾಚೂಟಿನ ಬಟ್ಟೆಯನ್ನು ಬಾಣದ ಗುರುತಿನಂತೆ ಹಾಸಿ, ಗಾಳಿಗೆ ಹಾರದಂತೆ ಮೇಲೆ ಕಲ್ಲಿಟ್ಟಿದ್ದರು. ಹಿಂದಿನಿಂದ ಯಾರಾದರೂ ಬಂದಾರು ಎಂದು ಇಟ್ಟ ಗುರುತು ಅದು. ಹುಡುಕಲು ಬರುವವರಿಗಾಗಿಯೋ, ಹಿಂದೆ ಉಳಿದ ಜಾನ್‌ಗಾಗಿಯೋ? ನನಗೆ ಎರಡೂ ಸರಿಯೆನಿಸುತ್ತದೆ. ಗುರುತುಗಳು ಮರಳದಿಬ್ಬಗಳ ಅಂಚಿನಲ್ಲಿ ನಿಂತುಹೋದವು, ದೇಹಗಳು ಮರಳಿನಡಿ ಸೇರಿರಬೇಕೆಂದು ತಂಡ ಹಿಂದಿರುಗಿತು. ಆರು ತಿಂಗಳಾಗುವಷ್ಟರಲ್ಲಿ ಆ ದಿಬ್ಬಗಳ ನಡುವೆಯೇ ಐವರು ಸಿಕ್ಕರು. ಹ್ಯಾಟನ್, ಟೋನರ್, ದಾರಿ ಲೆಕ್ಕ ಹಾಕುತ್ತಿದ್ದ ಹೇಸ್, ರೇಡಿಯೋದ ಲಮಾಟ್, ಗನ್ನರ್ ಆಡಮ್ಸ್.

ದಿನಚರಿ ಉಳಿದದ್ದನ್ನು ಹೇಳಿತು. ಎಂಟು ಮಂದಿಗೆ ಅರ್ಧ ಕ್ಯಾಂಟೀನು ನೀರು, ದಿನಕ್ಕೆ ಒಂದು ಮುಚ್ಚಳ. ಹದಿನೈದು ನಿಮಿಷ ನಡೆಯುವುದು, ಐದು ನಿಮಿಷ ಕೂರುವುದು. ಹಗಲು ಬೆಂಕಿ, ರಾತ್ರಿ ನಿದ್ದೆ ಬಾರದ ಚಳಿ. ಲಮಾಟ್‌ನ ಕಣ್ಣು ಹೋಯಿತು. 9ನೇ ತಾರೀಕು ಅವರಲ್ಲಿ ಮೂವರು, ಶೆಲ್ಲಿ, ರಿಪ್ಸ್‌ಲಿಂಗರ್, ಮೂರ್, ಸಹಾಯ ತರುವುದಾಗಿ ಮುಂದೆ ಹೊರಟರು. ಉಳಿದವರಿಗೆ ಏಳಲಾಗಲಿಲ್ಲ. ಅಷ್ಟರಲ್ಲಿ ಅವರು ನಡೆದದ್ದು ನೂರು ಕಿಲೋಮೀಟರಿಗೂ ಹೆಚ್ಚು. ಮರುದಿನ ಒಂದೆರಡು ಹಕ್ಕಿ ಕಂಡದ್ದನ್ನೂ ಟೋನರ್ ಬರೆದಿಟ್ಟಿದ್ದಾನೆ. 12ರ ಸೋಮವಾರಕ್ಕೆ ಬರಹ ನಿಂತಿತು. ಸಮುದ್ರ ಹತ್ತಿರವೇ ಇದೆಯೆಂದು ನಂಬಿ ನಡೆದವರು ಅವರು. ನೀರು, ಊಟ, ರೇಡಿಯೋ ಇದ್ದ ವಿಮಾನ ಅವರು ಜಿಗಿದ ಜಾಗದಿಂದ ಸುಮಾರು 25 ಕಿಲೋಮೀಟರ್ ದಕ್ಷಿಣಕ್ಕೆ, ಅವರ ಬೆನ್ನ ಹಿಂದೆ ಇತ್ತು. ಅದು ಅಲ್ಲಿದೆಯೆಂದು ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ.

1960ರ ಮೇ ತಿಂಗಳಲ್ಲಿ ಶೆಲ್ಲಿ ಸಿಕ್ಕಿದ, ಐವರಿದ್ದ ಜಾಗದಿಂದ ಮೂವತ್ತು ಕಿಲೋಮೀಟರಿಗೂ ಆಚೆ. ರಿಪ್ಸ್‌ಲಿಂಗರ್ ಇನ್ನೂ ಮುಂದೆ ಹೋಗಿ ಬಿದ್ದಿದ್ದ. ಅಷ್ಟು ನೀರಿನಲ್ಲಿ ಅಷ್ಟು ದೂರ ನಡೆಯಬಹುದೆಂದು ಹುಡುಕಲು ಹೋದವರು ಎಣಿಸಿರಲಿಲ್ಲ. ವರ್ನನ್ ಮೂರ್‌ನ ಅಸ್ಥಿ ಈವರೆಗೂ ಮನೆಯವರ ಕೈಗೆ ಬಂದಿಲ್ಲ.

ಆಗಸ್ಟ್ 11ರಂದು, ಮತ್ತೆ ತೈಲದವರ ಕಣ್ಣಿಗೇ, ಜಾನ್ ವೊರಾವ್ಕಾ ಬಿದ್ದ. ವಾಯವ್ಯದ ದಾರಿಯಲ್ಲಲ್ಲ, ದಿಬ್ಬಗಳ ನಡುವೆಯೂ ಅಲ್ಲ. ಎಂಟು ಮಂದಿ ನಡಿಗೆ ಶುರುಮಾಡಿದ ಪ್ರದೇಶದಲ್ಲೇ. ಹಾರಾಟದ ಬಟ್ಟೆಯಲ್ಲೇ ಇದ್ದ, ಪ್ಯಾರಾಚೂಟಿನ ಪಟ್ಟಿಗಳು ಮೈಮೇಲೇ ಇದ್ದವು. ಪ್ಯಾರಾಚೂಟು ಪೂರ್ತಿ ಬಿಚ್ಚಿಕೊಂಡಿರಲಿಲ್ಲ. ನೆಲಕ್ಕೆ ಬಿದ್ದಾಗಲೇ ಪ್ರಾಣ ಹೋಗಿತ್ತೆಂದು ತಿಳಿದವರು ಹೇಳಿದರು. ಆ ರಾತ್ರಿ ಗೆಳೆಯರು ಒಬ್ಬರನ್ನೊಬ್ಬರು ಹುಡುಕಲು ಆಕಾಶಕ್ಕೆ ಹಾರಿಸಿದ ಗುಂಡು, ಉರಿಸಿದ ಬೆಳಕು ಎಂಟು ಮಂದಿಯನ್ನು ಸೇರಿಸಿತು. ಅವರು ಕಾಯುತ್ತಿದ್ದ ಒಂಬತ್ತನೆಯವನಿಗೆ ಅದು ಕೇಳಿಸುವಂತಿರಲಿಲ್ಲ.

ಎಂಟು ದಿನದ ಆ ಸಂಕಟ ವೊರಾವ್ಕಾನಿಗಾದರೂ ತಪ್ಪಿತಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ನನಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಅವರು ಒಟ್ಟಿಗೆ ಪ್ರಾರ್ಥಿಸಿದರು, ಒಟ್ಟಿಗೆ ಕೂತು ಎದ್ದರು, ಕಣ್ಣು ಹೋದವನನ್ನೂ ಜೊತೆಗೇ ಕರೆದುಕೊಂಡು ನಡೆದರು. ಹೊರಡುವ ದಿನವೂ ಜಾನ್ ಬಂದಾನೆಯೇ ಎಂದು ನೋಡಿಯೇ ಹೊರಟರು. ಬಂದಿದ್ದರೆ, ಆ ಅರ್ಧ ಕ್ಯಾಂಟೀನಿನಲ್ಲಿ ಅವನಿಗೂ ಒಂದು ಮುಚ್ಚಳ ನೀರು ಇರುತ್ತಿತ್ತು.